ಕಹಿಯ ಮೇಲೊಂದು ಸಿಹಿ

ಬೇರು ಅರೆದು ಜಾಮು ಎಂಬ ಕಷಾಯ ಕಾಸಿ, ಸೀಸೆಗಳ ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಸೋಲೋ ಪಟ್ಟಣದ ಓಣಿಗಳಲ್ಲಿ ಮಾರುವ ತುಗಿನೆಮ್‌ಗೆ ಒಂದು ನೇಮವಿತ್ತು. ಕಹಿ ಕುಡಿದವರಿಗೆಲ್ಲ ಅಕ್ಕಿ, ತಾಳೆಬೆಲ್ಲ ಕಲಸಿದ ಸಿಹಿನೀರು ಅರ್ಧ ಲೋಟ ಬಿಟ್ಟಿ. "ಕಹಿ ಬಾಯಲ್ಲಿ ಯಾರನ್ನೂ ಕಳಿಸಬಾರ್ದು," ಎನ್ನುವಳು.

ಈ ವರ್ಷ ಆ ನೇಮವನ್ನೇ ಮರೆಯತೊಡಗಿದಳು.

"ಏನಕ್ಕಾ, ಊರಿಗೆಲ್ಲ ಮದ್ದು ಹಂಚ್ತೀಯ, ನಿನ್ನ ಮುಖಕ್ಕೊಂದು ಮದ್ದಿಲ್ವಾ?" ಎಂದು ಸೈಕಲ್ ರಿಕ್ಷಾದ ಸರ್ಮೋ ಕೆಣಕುತ್ತಿದ್ದ. ಮೊದಲಾಗಿದ್ದರೆ ಒಂದಕ್ಕೆರಡು ತಿರುಗಿ ಕೊಡುತ್ತಿದ್ದವಳು ಈಗ ಸುಮ್ಮನೆ ಲೋಟ ತೊಳೆಯುವಳು. ಮನೆಯಲ್ಲಿ ಅರೆಯುವ ಕಲ್ಲಿನ ಮುಂದೆ ಕೂತು ಕಾರಣವಿಲ್ಲದೆ ಅಳುವಳು. "ನಾನಿದ್ದು ಯಾರಿಗೇನು ಪುಜಿ?" ಎಂದು ಒಮ್ಮೆ ಕೇಳಿದ್ದಳು.

ಪುಜಿ ಅವಳ ಒಬ್ಬಳೇ ಮಗಳು. ಏಳನೇ ತರಗತಿಗೆ ಶಾಲೆ ಬಿಟ್ಟು ಬೇರು ತೊಳೆಯಲು ಕೂತವಳಿಗೆ ಈಗ ಇಪ್ಪತ್ತು. ಮಾತು ಕಡಿಮೆ, ಕಣ್ಣು ಚುರುಕು. ಮೂರು ತಿಂಗಳಿಂದ ತಾಯಿಯ ಮುಟ್ಟಿನ ಬಟ್ಟೆ ಹಗ್ಗದ ಮೇಲೆ ಕಂಡಿರಲಿಲ್ಲ. ಅಪ್ಪ ಮೀನು ಹಡಗು ಹತ್ತಿ ಹೋಗಿ ಹನ್ನೊಂದು ತಿಂಗಳು. ಪುಜಿ ಬೆರಳು ಮಡಿಚಿ ಎಣಿಸಿದಳು. ತಾಯಿಯನ್ನು ಒಂದು ಮಾತು ಕೇಳಲಿಲ್ಲ.

ತಿಂಗಳು ತಪ್ಪಿದವರು ಪಿಸುದನಿಯಲ್ಲಿ ಕೇಳುವ ಕಹಿಯೊಂದು ಬುಟ್ಟಿಯ ತಳದಲ್ಲಿ ಇರುತ್ತಿತ್ತು. ಪುಜಿ ಅದನ್ನು ತಾಯಿ ಬೆಳಿಗ್ಗೆ ಕುಡಿಯುವ ಅರಿಸಿನ, ಹುಣಸೆಯ ನೀರಿಗೆ ಬೆರೆಸಿದಳು. ಒಂದಲ್ಲ, ಮೂರು ಬೆಳಗು. ತಾಯಿ ಮೊದಲ ಗುಟುಕಿಗೆ ತಡೆದು, ಮಗಳ ಮುಖ ನೋಡಿ, ಲೋಟ ಬರಿದು ಮಾಡಿದಳು.

ನಾಲ್ಕನೆಯ ದಿನ ತುಗಿನೆಮ್ ಹೊಟ್ಟೆ ಹಿಡಿದು ಮಲಗಿಬಿಟ್ಟಳು. ಪುಜಿ ಸರ್ಮೋನ ರಿಕ್ಷಾದಲ್ಲಿ ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ಅಲ್ಲಿ ಎಂದಾಂಗ್ ಎಂಬ ಸೂಲಗಿತ್ತಿ ಪರೀಕ್ಷೆ ಮಾಡಿದಳು.

"ಬಸಿರೂ ಇಲ್ಲ, ಏನೂ ಇಲ್ಲ. ನಲವತ್ತೇಳಾಯ್ತಲ್ಲಕ್ಕ, ಮುಟ್ಟು ನಿಲ್ಲೋ ಕಾಲ ಹತ್ರ ಬಂತು. ಈಗ ಹೆಣ್ಣಿನ ಹಾರ್ಮೋನು ಒಂದಿನ ಉಕ್ಕತ್ತೆ, ಒಂದಿನ ಬತ್ತತ್ತೆ. ಮಿದುಳಲ್ಲಿ ಮನಸ್ಸನ್ನ ಹಿಡಿದಿಡೋ ರಾಸಾಯನಿಕಾನೂ ಅದ್ರ ಜೊತೆ ಏರುಪೇರು. ಎಲ್ರಿಗೂ ಹೀಗಾಗಲ್ಲ, ಕೆಲವರನ್ನ ಖಿನ್ನತೆ ಹಿಡ್ಕೊಳ್ಳತ್ತೆ. ಸಾಯ್ಬೇಕು ಅನ್ಸತ್ತಾ?"

ತಾಯಿ ಸೊಂಟಕ್ಕೆ ಸುತ್ತಿದ ಬಟ್ಟೆಯ ಅಂಚು ಹಿಂಡುತ್ತ, "ಒಂದೊಂದ್ಸಲ," ಎಂದಳು.

"ಹೇಳಿದ್ದು ಒಳ್ಳೇದಾಯ್ತು. ಇದಕ್ಕೆ ಔಷಧಿ ಇದೆ. ಡಾಕ್ಟರು ಇವತ್ತೇ ನೋಡ್ತಾರೆ. ಹೊಟ್ಟೆ ಹೀಗೆ ಕೆಡೋಕೆ ಏನು ಕುಡಿದೆ?"



"ನಾನು ಮಾರೋದನ್ನೇ ಕುಡಿದೆ. ಅಳತೆ ತಪ್ಪಿತು," ಎಂದಳು ತಾಯಿ.

ಡಾಕ್ಟರನ್ನು ಕಂಡು, ಮಾತ್ರೆ ಪಡೆದು ಹೊರಗಿನ ಬೆಂಚಿಗೆ ಬಂದ ಮೇಲೆ ಪುಜಿ ಬಾಯಿ ತೆರೆದಳು. "ಅಮ್ಮಾ, ಆ ನೀರಲ್ಲಿ ನಾನು..."

"ಇಪ್ಪತ್ತೈದು ವರ್ಷ ಆ ಬೇರು ಅರೆದಿದೀನಿ. ನನ್ನ ನಾಲಿಗೆಗೆ ತಿಳಿಯಲ್ವಾ?"

"ಮತ್ಯಾಕೆ ಕುಡಿದೆ?"

"ಬಯ್ಯೋಕೂ ತ್ರಾಣ ಇರ್ಲಿಲ್ಲ. ಮಗಳೇ ನನ್ನ ಬಗ್ಗೆ ಹಾಗಂದ್ಕೊಂಡ ಮೇಲೆ ಕುಡಿದ್ರೇನು, ಬಿಟ್ರೇನು ಅನ್ನಿಸ್ತು." ಮಾತ್ರೆಯ ಪೊಟ್ಟಣವನ್ನು ಮಗಳ ಕೈಗಿತ್ತಳು. "ಮೇಲೊಂದು ಸಿಹಿನಾದ್ರೂ ಕೊಡ್ತೀಯೇನೋ ಅಂತ ಮೂರು ದಿನವೂ ಕಾದೆ."



ಮನೆಗೆ ಬಂದವಳೇ ಪುಜಿ ಅಕ್ಕಿ ಅರೆದಳು, ತಾಳೆಬೆಲ್ಲ ಕರಗಿಸಿದಳು. ಅಂಗೈಯಲ್ಲಿ ಮಾತ್ರೆ, ಜೊತೆಗೆ ತುಂಬಿದ ಲೋಟ ಹಿಡಿದು ತಾಯಿಯ ಎದುರು ಕೂತಳು. ತಾಯಿ ಮಾತ್ರೆ ನುಂಗಿ, ಒಂದು ಗುಟುಕು ಕುಡಿದು, ಮುಖ ಕಿವುಚಿದಳು.

"ಚಿಟಿಕೆ ಉಪ್ಪು ಹಾಕ್ಬೇಕು ಅಂತ ಎಷ್ಟು ಸಲ ಹೇಳಿದೀನಿ?"

ಪುಜಿ ಉಪ್ಪಿಗೆಂದು ಎದ್ದಳು. ತಿರುಗಿ ನೋಡಿದಾಗ ತಾಯಿ ಲೋಟವನ್ನು ಕೆಳಗಿಟ್ಟಿರಲಿಲ್ಲ.