ಇಸಾಕನ ನಂಬರು

ಕೋಡ್ ಬರೆಯುವ ಆ ಆ್ಯಪ್ ಕೊಂಡ ದಿನ ಸುರೇಶಕುಮಾರ ಮಲಗಿದಲ್ಲೇ ನಕ್ಕಿದ್ದ. ಲಾರಿ ಗುದ್ದಿ ಬೆನ್ನು ಮುರಿದ ಮೇಲೆ ವಾಡಿಯ ಆ ಮನೆಯಲ್ಲಿ ನಗು ಅಪರೂಪ. ಹೆಂಡತಿ ಪೂನಮ್ ಒಲೆ ಬಿಟ್ಟು ಬಂದು ನೋಡಿದಳು. ಒಂದು ಸಲ ಕೊಂಡರೆ ಟ್ಯಾಬಿನಲ್ಲೂ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಇಲ್ಲಿ ಬರೆದದ್ದು ಅಲ್ಲಿ ತೆರೆಯುತ್ತದೆ ಎಂದು ಅವನು ಬಿಡಿಸಿ ಹೇಳಿದ. ಪುಕ್ಕಟೆ ಸಿಗುವಂಥವೂ ಇದ್ದವು. ಆದರೆ ಪಡಸಾಲೆಯ ಕಂಪ್ಯೂಟರಿನ ಮುಂದೆ ತುಸು ಹೊತ್ತು ಕೂತರೆ ಬೆನ್ನು ಬೆಂಕಿಯಾಗುವ ಮನುಷ್ಯನಿಗೆ ಬೇಕಾದದ್ದು ಇಂಥದ್ದೇ. ಎದೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಬರೆಯುವುದು, ಕಡೆಗೊಮ್ಮೆ ಎದ್ದು ಕೂತು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು. ಹಲ್ಲಿದ್ದಾಗ ಕಡಲೆ ಇರುವುದಿಲ್ಲ ಎನ್ನುತ್ತಾರಲ್ಲ, ಇವನಿಗೆ ಎರಡೂ ಒಟ್ಟಿಗೆ ಸಿಕ್ಕಂತಾಗಿತ್ತು.

ಬರೆಯುವುದಕ್ಕೆ ಕೆಲಸವೂ ಇತ್ತು. ಸೇಡಂನಲ್ಲಿ ಶಾಲೆ ನಡೆಸುವ ಕಲ್ಯಾಣಪ್ಪನವರು ಮಕ್ಕಳ ಹಾಜರಿ, ಫೀಸು ನೋಡಿಕೊಳ್ಳುವ ಪ್ರೋಗ್ರಾಂ ಕೇಳಿದ್ದರು. ಅವರ ಮನಸ್ಸಿಗೆ ಬಂದರೆ ಮನೆಯಲ್ಲೇ ಮಾಡುವ ಕಾಯಂ ಕೆಲಸ. ಮಳೆಗಾಲವಿಡೀ ಸುರೇಶ ಬರೆದ. ಪೂನಮ್ ದಿನಾ ಶಹಾಬಾದಿಗೆ ಹೋಗಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡಿ ಬರುತ್ತಿದ್ದಳು. ಕಲ್ಲಿನ ಧೂಳು ಕುಡಿದು ಅವಳು ಕೆಮ್ಮುವುದು ಅವನ ಕಿವಿಗೆ ಬೀಳುತ್ತಿತ್ತು. ಅವಳನ್ನು ಆ ಕೆಲಸದಿಂದ ಬಿಡಿಸಬೇಕು, ಅವನಿಗಿದ್ದ ಆಸೆ ಅದೊಂದೇ.

ಕಲ್ಯಾಣಪ್ಪನವರಿಗೆ ತೋರಿಸಬೇಕಾದ ದಿನ ಮುಂಜಾನೆ, ಚಾರ್ಜಿಗೆ ಹಾಕಿದ್ದ ಟ್ಯಾಬ್ ಕರೆಂಟು ಹೆಚ್ಚುಕಡಿಮೆಯಾಗಿ ಸತ್ತೇಹೋಯಿತು. ಸುರೇಶ ಗಾಬರಿಯಾಗಲಿಲ್ಲ. ಬರೆದದ್ದೆಲ್ಲ ಟ್ಯಾಬಿನ ಐಡಿಯ ಮೂಲಕ ಇಂಟರ್ನೆಟ್ಟಿನಲ್ಲಿ ಭದ್ರವಾಗಿತ್ತು. ಪೂನಮಳ ಹೆಗಲು ಹಿಡಿದು ಕಂಪ್ಯೂಟರಿನ ಮುಂದೆ ಕೂತು, ಅದರಲ್ಲಿ ಮೊದಲ ಸಲ ಆ್ಯಪ್ ತೆರೆದ. ಅದು ಪಾಸ್‌ವರ್ಡ್ ಕೇಳಿತು. ಗೊತ್ತಿಲ್ಲವೆಂದರೆ ಫೋನಿಗೆ ಓಟಿಪಿ ಕಳಿಸುತ್ತೇನೆ ಎಂದಿತು. ಐಡಿಗೆ ಕೊಟ್ಟ ಫೋನ್ ನಂಬರು ಮಾತ್ರ ಇಸಾಕನದು.

ವಾಡಿ ಸ್ಟೇಷನ್ ಬಜಾರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಇಸಾಕ, ಯಾರು ಏನು ಕೊಂಡರೂ ತನ್ನದೇ ನಂಬರು ಹಾಕಿ ಐಡಿ ತೆಗೆದುಕೊಡುತ್ತಿದ್ದ. ಜನ ಪಾಸ್‌ವರ್ಡ್ ಮರೆಯುತ್ತಾರೆ, ಸಿಮ್ ಬದಲಿಸುತ್ತಾರೆ. ಇಸಾಕ ಮರೆಯುವವನೂ ಅಲ್ಲ, ಬದಲಿಸುವವನೂ ಅಲ್ಲ. ಸುರೇಶ ಆಸ್ಪತ್ರೆಯಲ್ಲಿದ್ದಾಗ ಪೂನಮ್ ಟ್ಯಾಬ್ ತಂದದ್ದು ಅಲ್ಲಿಂದಲೇ. ಕಂಪ್ಯೂಟರ್ ಬಲ್ಲವನಿಗೆ ಇದು ತಪ್ಪೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ನಂಬರು ಬದಲಿಸು ಎನ್ನುವುದೂ ಒಂದೇ, ನಿನ್ನ ಮೇಲೆ ಭರೋಸಾ ಇಲ್ಲ ಎನ್ನುವುದೂ ಒಂದೇ. ಶುಕ್ರವಾರ ನಮಾಜು ಮುಗಿಸಿ ಬಂದು ಮಂಚದ ಪಕ್ಕ ಕೂತು ಹರಟುವ ಮನುಷ್ಯನಿಗೆ ಹಾಗೆಂದು ಯಾವ ಬಾಯಿಂದ ಹೇಳುವುದು? ಈ ಮುಲಾಜಿನಿಂದ ನಮ್ಮ ಕಡೆ ಹಾಳಾದ ಮನೆಗಳು ಒಂದೆರಡಲ್ಲ. ಯುಗಾದಿಯ ಹಿಂದುಮುಂದು ಇಸಾಕ ಎದೆನೋವೆಂದು ಕಲಬುರಗಿಗೆ ಹೋದವನು ಹೆಣವಾಗಿ ಬಂದ. ಆಮೇಲೂ ಟ್ಯಾಬ್ ನಡೆಯುತ್ತಲೇ ಇತ್ತು. ನಡೆದಷ್ಟು ದಿನ ನಡೆಯಲಿ ಎಂದು ಸುರೇಶ ಬಿಟ್ಟಿದ್ದ.

ಪೂನಮ್ ಇಸಾಕನ ಹೆಂಡತಿ ರಶೀದಾಬೇಗಂ ಹತ್ತಿರ ಓಡಿದಳು.

"ಎಲ್ಲಾ ಅವರ ತಲ್ಯಾಗೇ ಇತ್ತು ಬೇಟಿ," ಎಂದಳು ರಶೀದಾಬೇಗಂ. "ಸಿಮ್ಮಿಗೆ ರೊಕ್ಕಾ ಹಾಕ್ಲಿಲ್ಲ, ನಂಬರೂ ಹೋಯ್ತು. ಈಗ ಯಾರ್ದೋ ಆಗ್ಯದಂತ."

ಮನೆಗೆ ಬಂದು ಪೂನಮ್ ಆ ನಂಬರಿಗೇ ಫೋನು ಹಚ್ಚಿ ಗಂಡನ ಮುಂದೆ ಹಿಡಿದಳು. ಎತ್ತಿದ್ದು ಒಬ್ಬ ಮುದುಕಿ. ಸುರೇಶ ಓಟಿಪಿ ಕಳಿಸುವ ಗುಂಡಿ ಒತ್ತಿ, ಬೆನ್ನು, ಟ್ಯಾಬ್, ಇಸಾಕ, ಎಲ್ಲವನ್ನೂ ಹೇಳಿದ.

"ಬಂದದ ತಮ್ಮಾ. ನಂಗ ಅಂಕಿ ಓದಾಕ ಬರ್ತದ."

"ಅದಷ್ಟು ಓದಿ ಹೇಳ್ರಿ ಆಯಿ. ಭಾಳ ಉಪಕಾರ ಆಗ್ತದ."

"ಹೋದ ವರ್ಷ ನನ್ನ ಹಳೇ ನಂಬರಿಗಿ ಒಬ್ಬಾಂವ ಫೋನ್ ಮಾಡಿ ಹಿಂಗೇ ಕೇಳಿದ. ಅವನೂ ಆಯಿ ಅಂತಿದ್ದ. ಮಗಳ ಮದುವಿಗಿ ಇಟ್ಟಿದ್ದೆಲ್ಲಾ ಹೋಯ್ತು. ಆಕಿ ಇವತ್ತಿಗೂ ನನ್ನ ಕೂಡ ಮಾತಾಡಂಗಿಲ್ಲ."

"ಊರು ಯಾವ್ದರಿ ನಿಮ್ದು? ನಾನೇ ಬರ್ತೀನಿ, ಕಣ್ಣಿಲೆ ನೋಡಿ ಹೇಳ್ರಿ," ಎಂದಳು ಪೂನಮ್.

"ಚಿಂಚೋಳಿ ಕಡಿ. ಮುಂದ ಹೇಳಂಗಿಲ್ಲವ್ವ." ಆಮೇಲೆ ದನಿ ಮೆತ್ತಗಾಯಿತು. "ಆದ್ರ ತಮ್ಮಾ, ನಿನ್ನ ದನಿ ಕೇಳಿದ್ರ ಕರುಳು ಚುರುಕ್ ಅಂತದ. ಖರೆ ಅನ್ನಿಸ್ತದ. ನೀನೇ ಹೇಳು, ಹೇಳ್ಲೋ ಬ್ಯಾಡೋ?"

ಪೂನಮ್ ಹೂಂ ಅನ್ನಿ ಎಂದು ತಲೆಯಾಡಿಸಿದಳು. ಸುರೇಶನ ನಾಲಗೆಯ ತುದಿಗೆ ಹೂಂ ಬಂದಿತ್ತು. ಆದರೆ ಇವಳು ಇವತ್ತು ಹೇಳಿ ಏನೂ ಆಗಲಿಲ್ಲವೆಂದರೆ, ಮುಂದೆ ಇನ್ನೊಬ್ಬ ಆಯಿ ಎಂದವನಿಗೂ ಹೇಳುತ್ತಾಳೆ. ಒಮ್ಮೆ ಮೋಸಹೋದ ಮೇಲೆ ಯಾರಿಗೂ ಹೇಳಬಾರದೆಂಬ ಹಟವನ್ನು ಅವಳು ಹೇಗೋ ಹಿಡಿದು ನಿಂತಿದ್ದಾಳೆ. ಅದನ್ನು ಬಿಡಿಸುವುದು ತನ್ನ ಕೈಯಿಂದಾಗಬೇಕೇ ಎನ್ನಿಸಿ ಅವನಿಗೆ ಸಂಕಟವಾಯಿತು.

"ಬ್ಯಾಡ ಆಯಿ. ಯಾರು ಕೇಳಿದ್ರೂ ಹೇಳಬ್ಯಾಡ್ರಿ."

"ನೀ ಕೇಳಿದ್ರೂ?"

"ನಾ ಕೇಳಿದ್ರೂ."

"ದೇವ್ರು ನಿನಗ ಛಲೋ ಮಾಡ್ಲಿ," ಎಂದು ಮುದುಕಿ ಫೋನಿಟ್ಟಳು.

ಸುರೇಶ ಕುರ್ಚಿಯಲ್ಲೇ ಕೂತಿದ್ದ. ಮಂಚಕ್ಕೆ ಕರೆದೊಯ್ಯಿ ಎಂದು ಹೆಂಡತಿಯನ್ನು ಕೇಳುವ ಧೈರ್ಯವಾಗಲಿಲ್ಲ. ಅವಳು ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ.

"ಆಕಿಗಿ ಛಲೋ ಮಾಡಿದ್ರಿ," ಎಂದಳು ಪೂನಮ್. "ನನಗ?"

ಅಷ್ಟರಲ್ಲಿ ಕಲ್ಯಾಣಪ್ಪನವರ ಫೋನು ಬಂತು. ಇವನು ಕೈ ಚಾಚುವ ಮೊದಲೇ ಅವಳು ಅದನ್ನು ಎತ್ತಿ, ಇಲ್ರಿ ಸರ್, ನಮ್ಮ ಕಡಿಂದ ಆಗಂಗಿಲ್ಲ, ಬ್ಯಾರೆಯವರ್ನ ನೋಡ್ಕೋರಿ ಎಂದು ಹೇಳಿ ಇಟ್ಟಳು.