ವಸಡಿನಡಿಯ ಕಲ್ಲು

ಬಾಸೊ ನಾರಿನ ಎಳೆಯನ್ನು ಹಲ್ಲಲ್ಲಿ ಕಚ್ಚಿ ಎಳೆದ. ಎಳೆ ಹರಿಯಲಿಲ್ಲ, ಹಲ್ಲೇ ಅಲುಗಿತು. ಉಗುಳಿದರೆ ಮರಳಿನ ಮೇಲೆ ರಕ್ತ. ದೋಣಿಯ ಹಲಗೆಸಂದಿಗೆ ನಾರು ತುರುಕಿ, ನೀರು ಬಾರದಂತೆ ಬಿಗಿಯುವುದು ಅವನ ಕಸುಬು. ಸುಲಾವೆಸಿ ದ್ವೀಪದ ಆ ತೀರದಲ್ಲಿ ಅವನು ಬಿಗಿದ ದೋಣಿ ಸೋರಿದ್ದನ್ನು ಕಂಡವರಿಲ್ಲ.

ಹೆಂಡತಿ ನೂರ್ಲಿಯಾ ಬುತ್ತಿ ತಂದಿದ್ದಳು. ಜೊತೆಗೆ ಅವನ ಅಕ್ಕನ ಮಗಳು ರಮ್ಲಾ, ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ವಿಭಾಗದ ನರ್ಸ್.

"ಮತ್ತೆ ರಕ್ತಾನಾ, ಮಾವ?"

"ವಯಸ್ಸಾಯ್ತಲ್ಲ, ಬರುತ್ತೆ."

"ನೀವು ರಿಪೇರಿ ಮಾಡೋ ದೋಣಿಗಳಿಗೇ ನಿಮಗಿಂತ ವಯಸ್ಸಾಗಿದೆ. ಅವೇನು ಸೋರ್ತವಾ?"

"ಬಾಯಿ ವಾಸನೆಗೆ ರಾತ್ರಿಯೆಲ್ಲಾ ಗೋಡೆ ಕಡೆ ತಿರುಗಿ ಮಲಗ್ತೀನಿ ಕಣೆ. ಸ್ವಲ್ಪ ಹೇಳು ನಿಮ್ಮ ಮಾವಂಗೆ," ಎಂದಳು ನೂರ್ಲಿಯಾ.

"ಸಂತೇಲಿ ಹಲ್ಲು ಕಟ್ಟೋ ಸಾದಿಕ್ ಹತ್ರ ಎಲ್ಲಾ ಕೀಳಿಸಿಬಿಡ್ತೀನಿ, ಆಯ್ತಾ?"

ಯಾರೂ ನಗಲಿಲ್ಲ. ಬಾಸೊನ ಅಪ್ಪನೂ ಹಾಗೇ ಕೀಳಿಸಿದ್ದ. ಕಟ್ಟಿಸಿದ ಹಲ್ಲು ಕೂರಲಿಲ್ಲ. ಸಾಗೋ ಮರದ ಹಿಟ್ಟಿನ ಗಂಜಿ ಕುಡಿದು ಬದುಕಿದ. ಕೊನೆಗೆ ಮನೆಯವರೆದುರು ಊಟಕ್ಕೆ ಕೂರುವುದನ್ನೇ ಬಿಟ್ಟ.

"ವಸಡಿನ ಕೆಳಗೆ ಪಾಚಿ ಕಲ್ಲಾಗಿ ಕೂತಿದೆ. ಅದನ್ನ ಆಳದಿಂದ ಕೆರೆದು ತೆಗೀಬೇಕು," ಎಂದಳು ರಮ್ಲಾ.

"ಆ ಕಲ್ಲೇ ಹಲ್ಲು ಹಿಡಿದಿರೋದು. ಹಳೇ ದೋಣಿ ಅಡಿ ಕೆರೆದು ನೋಡು, ನೀರು ನುಗ್ಗತ್ತೆ. ಅಲ್ಲಿ ಅಂಟಿರೋ ಚಿಪ್ಪುಗಳೇ ತೂತು ಮುಚ್ಚಿರ್ತವೆ."

"ಹಾಗಾದ್ರೆ ನೀವು ಚಿಪ್ಪಿನ ಮೇಲೇ ನಾರು ತುರುಕ್ತೀರಾ?"

ಬಾಸೊಗೆ ಅವಮಾನವಾಯಿತು. "ಯಾವನ್ ಮಾಡ್ತಾನೆ ಅಂಥ ಕೆಲ್ಸ? ಮೊದಲು ಕೆರೀಬೇಕು. ಚಿಪ್ಪಿನ ಅಡಿ ಹಲಗೆ ಕೊಳೀತಾ ಇರತ್ತೆ."

"ಬಾಯಲ್ಲೂ ಅಷ್ಟೇ, ಮಾವ. ಕಲ್ಲಿನ ಸುತ್ತ ಮೂಳೆ ಕರಗ್ತಾ ಇದೆ. ಕೆರೆದ ಮೇಲೆ ಬಿಗಿಯೋ ಕೆಲಸ ವಸಡೇ ಮಾಡ್ಕೊಳ್ಳತ್ತೆ. ಕಲ್ಲಿರೋವರೆಗೆ ಅದಕ್ಕೆ ಅಂಟೋಕೆ ಜಾಗ ಇಲ್ಲ."

ಮರುದಿನ ಬಾಸೊ ಆಸ್ಪತ್ರೆಗೆ ಹೋದ.

ವೈದ್ಯೆ ಸಣ್ಣ ಕಡ್ಡಿಯಿಂದ ವಸಡಿನ ಆಳ ಅಳೆದರು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಒಂದು ಪಕ್ಕ, ಮುಂದಿನ ವಾರ ಇನ್ನೊಂದು ಪಕ್ಕ, ಹಲ್ಲಿನ ಬೇರಿಗೆ ಅಂಟಿದ್ದ ಕಲ್ಲು ಕೆರೆದು ನಯ ಮಾಡಿದರು. ಒಂದು ಹಲ್ಲು ಉಳಿಯಲಿಲ್ಲ, ತಡವಾಗಿತ್ತು. ವಸಡಿನ ಊತ ಇಳಿದಾಗ ಉಳಿದವು ಉದ್ದ ಕಂಡವು, ತಣ್ಣೀರಿಗೆ ಜುಮ್ಮೆಂದವು.

"ನಾನು ಹೇಳಿರ್ಲಿಲ್ವಾ? ಎಲ್ಲಾ ಸಡಿಲ ಮಾಡಿಬಿಟ್ರು," ಎಂದು ಸಿಗರೇಟು ಹಚ್ಚುತ್ತಾ ರೇಗಿದ.

"ವಸಡಿಗೂ ಸ್ವಲ್ಪ ದಿನ ಕೊಡಿ. ಮೊದಲು ಆ ಸಿಗರೇಟು ಬಿಸಾಕಿ," ಎಂದಳು ರಮ್ಲಾ.

ದಿನಕ್ಕೆರಡು ಸಲ ಹಲ್ಲುಜ್ಜಿದ, ಹಲ್ಲುಸಂದಿಯನ್ನೂ ಬಿಡಲಿಲ್ಲ. ಕೆಲವು ವಾರಗಳಲ್ಲಿ ರಕ್ತ ನಿಂತಿತು, ವಸಡು ಬಿಗಿಯಿತು.

ಇದನ್ನು ಓದುತ್ತಿರುವ ನೀವೂ ಒಮ್ಮೆ ಕನ್ನಡಿ ನೋಡಿಕೊಳ್ಳಿ. ಹಲ್ಲುಜ್ಜುವಾಗ ರಕ್ತ, ಹೋಗದ ಬಾಯಿ ವಾಸನೆ, ಅಲುಗುವ ಹಲ್ಲು, ಇವು ವಯಸ್ಸಿನ ಗುಣವಲ್ಲ. ನೋವು ಬರಲೆಂದು ಕಾಯಬೇಡಿ. ವಸಡಿನ ಕಾಯಿಲೆ ಬಹಳ ಕಾಲ ನೋಯುವುದೇ ಇಲ್ಲ. ಸಕ್ಕರೆ ಕಾಯಿಲೆಯವರು, ಹೊಗೆ ಸೇದುವವರು ಇನ್ನೂ ಬೇಗ ಹಲ್ಲಿನ ವೈದ್ಯರಿಗೆ ತೋರಿಸಿ. ಆಳದ ಶುಚಿಯಾದ ಮೇಲೂ ಅವರು ಹೇಳಿದಾಗ ಮತ್ತೆ ಹೋಗಿ.

ಸಾದಿಕ್ ಒಂದು ದಿನ ದೋಣಿಯ ಬಳಿಗೇ ಬಂದ. ಬಟ್ಟೆಯ ಗಂಟು ಬಿಚ್ಚಿ ಕಟ್ಟಿದ ಬಿಳಿ ಹಲ್ಲಿನ ಸಾಲು ತೋರಿಸಿದ.

"ನಿಂಗೇ ಅಂತ ಮಾಡಿಟ್ಟಿದ್ದೆ, ಬಾಸೊ ಅಣ್ಣ. ಹಳೇವೆಲ್ಲ ಕಿತ್ತು ಇದನ್ನ ಕೂರಿಸ್ತೀನಿ. ಮತ್ತೆ ಆಸ್ಪತ್ರೆ ಅಲೆದಾಟ ಇರಲ್ಲ."

ಬಾಸೊ ಉಳಿ ಕೆಳಗಿಡಲಿಲ್ಲ.

"ಬೇಡ," ಎಂದ.