ಕಾರಣ ಬರೆಯುವ ಸಾಲು

ಅಂಕಿಅಂಶ ಇಲಾಖೆಯಲ್ಲಿ ಅವಳನ್ನು ಎಲ್ಲರೂ ಜರಡಿ ಮೇಡಂ ಎನ್ನುತ್ತಿದ್ದರು. ತಪ್ಪು ಯಾವುದೇ ಇರಲಿ, ಅವಳ ಮೇಜು ದಾಟಿ ಆಚೆ ಹೋಗುವುದಿಲ್ಲವೆಂಬ ಖ್ಯಾತಿ. ಈಗ ಆ ಖ್ಯಾತಿಗೇ ಸಂಚಕಾರ ಬಂದಿತ್ತು.

ಇಲಾಖೆ ಪರವಾನಗಿಯ ಹಳೆಯ ತಂತ್ರಾಂಶವನ್ನು ಬಿಟ್ಟು, ಯಾರು ಬೇಕಾದರೂ ಬಳಸಿ ಒಳಗೆ ಇಣುಕಬಹುದಾದ ಮುಕ್ತ ತಂತ್ರಾಂಶಕ್ಕೆ ಬದಲಾಗುತ್ತಿತ್ತು. ಗುರುವಾರ ಹನ್ನೊಂದು ಗಂಟೆಗೆ ಅವಳ ಪ್ರೋಗ್ರಾಂ ಸಾರ್ವಜನಿಕವಾಗಬೇಕಿತ್ತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಮನೆಯವರಿಗೆ ವಾರಕ್ಕೆಷ್ಟು ಗಂಟೆ ಬೇಕಾಗುತ್ತದೆಂದು ಲೆಕ್ಕ ಹಾಕುವ ಪ್ರೋಗ್ರಾಂ ಅದು. ಅದಕ್ಕೆ ಮೊದಲು ಜೋಡಿ ಲೆಕ್ಕ ಆಗಬೇಕು. ಹಳೆಯದರ ಉತ್ತರಕ್ಕೂ ಹೊಸದರ ಉತ್ತರಕ್ಕೂ ಕೂದಲೆಳೆಯ ವ್ಯತ್ಯಾಸವಿರಬಾರದು. ಹಳೆಯದು ಮೂವತ್ತನಾಲ್ಕು ಗಂಟೆ ಎಂದಿತು. ಹೊಸದು ಮೂವತ್ತನ್ನೂ ಮುಟ್ಟಲಿಲ್ಲ.

ಹೊಸದೇ ಕೆಟ್ಟಿದೆಯೆಂದುಕೊಂಡು ಎರಡು ದಿನ ಅದನ್ನೇ ಕೆದಕಿದಳು. ಮೂರನೆಯ ದಿನ ಹಳೆಯದನ್ನು ತೆರೆದಾಗ ತಪ್ಪು ಸಿಕ್ಕಿತು. ಉತ್ತರ ಸಿಗದ ಕಡೆ ಸಮೀಕ್ಷೆಯವರು 99 ಎಂದು ತುಂಬುವುದು ವಾಡಿಕೆ. ಹನ್ನೊಂದು ವರ್ಷದ ಹಿಂದೆ ಆ ಪ್ರೋಗ್ರಾಂ ಬರೆದಾಗ ಅದನ್ನು ಬೇರ್ಪಡಿಸುವುದನ್ನು ಅವಳು ಮರೆತಿದ್ದಳು; ಹೊಸದರಲ್ಲಿ ಅಭ್ಯಾಸಬಲದಿಂದ ಬೇರ್ಪಡಿಸಿದ್ದಳು. ಉತ್ತರವಿಲ್ಲದ ಅಷ್ಟೂ ಮನೆಗಳು ವಾರಕ್ಕೆ ತೊಂಬತ್ತೊಂಬತ್ತು ಗಂಟೆ ದುಡಿದವೆಂದು ಲೆಕ್ಕವಾಗಿತ್ತು. ವಯಸ್ಸಿನ ಕಾಲಂ ಆಗಿದ್ದರೆ ಎಂದೋ ಸಿಕ್ಕಿಬೀಳುತ್ತಿತ್ತು. ಆರೈಕೆಯ ಗಂಟೆಗಳಲ್ಲಿ ತೊಂಬತ್ತೊಂಬತ್ತು ಯಾರಿಗೂ ಅತಿಯೆನಿಸಿರಲಿಲ್ಲ.

ನಿರ್ದೇಶಕರಿಗೆ ತಾನೇ ಹೋಗಿ ಹೇಳಿದಳು. ಅವರು ರೇಗಲಿಲ್ಲ. ಹಳೆಯ ಪ್ರೋಗ್ರಾಂನ ಸಾಲುಗಳನ್ನೆಲ್ಲ ಅಳಿಸಿ ಹೊಸದನ್ನಷ್ಟೇ ಪ್ರಕಟಿಸಿ, ವಿಧಾನ ಬದಲಾಯಿಸಿದೆವೆಂದು ಟಿಪ್ಪಣಿ ಹಾಕೋಣ ಎಂದರು. ಅವಳ ಹೆಸರಿರುವ ವಿಭಾಗ ಮುಖ್ಯಸ್ಥರ ಬಡ್ತಿ ಪಟ್ಟಿ ಇನ್ನೂ ಸಹಿಯಾಗಿಲ್ಲವೆಂಬುದನ್ನೂ, ಹವಾಮಾನದ ವಿಷಯ ಹೇಳುವಷ್ಟು ಸಲೀಸಾಗಿ, ನೆನಪಿಸಿದರು.

ಸಂಜೆ ಮನೆಯಲ್ಲಿ ಅತ್ತೆ ಬಟ್ಟೆ ಮಡಚುತ್ತಿದ್ದರು. ಮಾವನವರು ಆರು ವರ್ಷ ಹಾಸಿಗೆ ಹಿಡಿದಿದ್ದಾಗ ನೋಡಿಕೊಂಡವರು ಅವರೇ. ಆ ಸಮೀಕ್ಷೆಯವರು ಒಮ್ಮೆ ಈ ಬಾಗಿಲನ್ನೂ ತಟ್ಟಿದ್ದರು. ಸೊಸೆ ಒಗಟಿನಂತೆ ಶುರುಮಾಡಿ ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟಳು.

ಅತ್ತೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ಎಷ್ಟು ಗಂಟೆ ಅಂತ ಕೇಳಿದ್ದಕ್ಕೆ, ಯಾರಪ್ಪ ಎಣಿಸ್ತಾರೆ ಅಂದಿದ್ದೆ. ಅದನ್ನ ನೀವು ತೊಂಬತ್ತೊಂಬತ್ತು ಮಾಡ್ಕೊಂಡ್ರಾ?"

"ನಾನೇ ಮಾಡಿದ್ದು ಅತ್ತೆ. ಈಗ ತಿದ್ದಿದ್ರೆ ನಿಮ್ಮಂಥೋರ ದುಡಿಮೆ ಕಡಿಮೆ ಕಾಣುತ್ತೆ."

"ಕಾಣ್ಲಿ ಬಿಡು. ನಾನು ಪಟ್ಟ ಪಾಡು ದೊಡ್ಡದಾಗೋಕೆ ನಿನ್ನ ಸುಳ್ಳು ಲೆಕ್ಕ ಬೇಕಾಗಿಲ್ಲ." ಬಟ್ಟೆ ಮತ್ತೆ ಎತ್ತಿಕೊಂಡು ಹೇಳಿದರು: "ಜರಡಿಯಂತೆ ಜರಡಿ."

ಗುರುವಾರ ಹತ್ತೂವರೆಗೆ ನಿರ್ದೇಶಕರು ಬಂದು ಅವಳ ಕುರ್ಚಿಯ ಹಿಂದೆ ನಿಂತರು. ತೆರೆಯ ಮೇಲೆ ಹನ್ನೊಂದು ವರ್ಷದ ಸಾಲುಗಳು ಹಾಗೇ ಇದ್ದವು. ಇನ್ನೂ ಅಳಿಸಿಲ್ಲವೇ ಎಂದು ಕೇಳಿದರು.

"ಅಳಿಸೋದು ಒಂದು ನಿಮಿಷದ ಕೆಲಸ ಸರ್. ಆದ್ರೆ ಪ್ರತಿ ಬದಲಾವಣೆಗೂ ಕಾರಣ ಬರೆದು ಹೆಸರು ಹಾಕ್ಬೇಕು ಅಂತ ನಿಯಮ ಮಾಡಿದ್ದು ನೀವೇ. ಏನಂತ ಬರೀಲಿ?"

"ಹೇಳಿದ್ನಲ್ಲ. ವಿಧಾನದ ಬದಲಾವಣೆ ಅಂತ."

"ವಿಧಾನ ಬದಲಾಗಿಲ್ಲ. ನಾನು ತಪ್ಪಿದ್ದೆ, ತಿದ್ದಿದ್ದೀನಿ. ನನ್ನ ಹೆಸರಲ್ಲಿ ಬೇರೆ ಏನೂ ಬರೆಯಲ್ಲ." ಅವಳು ಎದ್ದು ಕೀಲಿಮಣೆಯನ್ನು ಅವರತ್ತ ತಿರುಗಿಸಿದಳು. "ನಿಮ್ಮ ಹೆಸರಲ್ಲಿ ನೀವು ಬರೀರಿ ಸರ್."

ಅಕ್ಕಪಕ್ಕದ ಮೇಜುಗಳಲ್ಲಿ ಟೈಪಿಂಗ್ ಸದ್ದು ನಿಂತಿತು. ನಿರ್ದೇಶಕರು ಕೀಲಿಮಣೆಯನ್ನು ನೋಡಿದರು, ಮುಟ್ಟಲಿಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರು ಇರುವುದಿಲ್ಲ ಎಂದು ಮೆಲ್ಲಗೆ ಹೇಳಿದರು.

"ಇಲ್ಲಿ ಇರುತ್ತೆ," ಎಂದು ಅವಳು ಕುಳಿತಳು. ಕಾರಣದ ಸಾಲಿನಲ್ಲಿ ಬರೆದಳು: 'ಉತ್ತರ ಸಿಗದ ಮನೆಗಳನ್ನು 99 ಗಂಟೆ ಎಂದು ಎಣಿಸಲಾಗಿತ್ತು. ತಪ್ಪು ನನ್ನದು. ಹಿಂದಿನ ಎಲ್ಲ ವರ್ಷಗಳ ಅಂಕಿ ತಿದ್ದಿದೆ.' ಕೆಳಗೆ ತನ್ನ ಪೂರ್ತಿ ಹೆಸರು. ಸರಿಯಾಗಿ ಹನ್ನೊಂದಕ್ಕೆ ಗುಂಡಿ ಒತ್ತಿದಳು.

ಹನ್ನೊಂದು ನಲವತ್ತಕ್ಕೆ ಹೊರಗಿನಿಂದ ಮೊದಲ ಪತ್ರ ಬಂತು. ಯಾವುದೋ ಊರಿನ ಆಸ್ಪತ್ರೆಯೊಂದರ ದಾದಿ. ಬಿಡುವಿನಲ್ಲಿ ಪ್ರೋಗ್ರಾಂ ಓದುವ ಹವ್ಯಾಸವಂತೆ. 99 ತೆಗೆದದ್ದು ಸರಿ, ಆದರೆ ನಿಮ್ಮ ಸಮೀಕ್ಷೆ ಕೈಪಿಡಿಯ ಕೊನೆಯ ಪುಟದಲ್ಲಿ 98 ಅಂದರೆ 'ಹೇಳಲು ಇಷ್ಟವಿಲ್ಲ' ಎಂದಿದೆಯಲ್ಲ, ಅದನ್ನು ಇನ್ನೂ ಗಂಟೆಯೆಂದೇ ಎಣಿಸುತ್ತಿದ್ದೀರಿ ಎಂದು ಬರೆದಿದ್ದಳು.

ಜರಡಿ ಮೇಡಂ ಕೈಪಿಡಿಯ ಕೊನೆಯ ಪುಟ ತೆರೆದಳು; ದಾದಿ ಹೇಳಿದ್ದು ಸರಿಯಾಗಿತ್ತು. ಪತ್ರದ ಪ್ರತಿ ನಿರ್ದೇಶಕರಿಗೂ ಹೋಗಿತ್ತು. ಅವರು ತಮ್ಮ ಕೋಣೆಯ ಬಾಗಿಲಲ್ಲೇ ನಿಂತು ಕೇಳಿದರು, "ನೋಡಿದ್ರಾ? ಇದೇ ಬೇಕಾಗಿತ್ತಾ ನಿಮಗೆ?"

"ಇದೇ ಸರ್," ಎಂದಳು. "ನಾವು ಹನ್ನೊಂದು ವರ್ಷ ನೋಡದೇ ಇದ್ದದ್ದನ್ನ ಆಕೆ ನಲವತ್ತು ನಿಮಿಷದಲ್ಲಿ ನೋಡಿದ್ಲು."

98ನ್ನೂ ಬೇರ್ಪಡಿಸಿ ಲೆಕ್ಕವನ್ನು ಮತ್ತೆ ಓಡಿಸಿದಳು. ಗಂಟೆ ಇನ್ನಷ್ಟು ಇಳಿಯಿತು. ಕಾರಣದ ಸಾಲಿನಲ್ಲಿ ಬರೆದಳು: 'ಇದೂ ನನ್ನದೇ.' ದಾದಿಯ ಹೆಸರು ಹೇಗೆ ಬರೆಯಬೇಕೆಂದು ಅವಳನ್ನೇ ಕೇಳಿ, ಅದನ್ನು ತನ್ನ ಹೆಸರಿಗಿಂತ ಮೇಲೆ ಹಾಕಿದಳು.